ಒಂದು ಮಾತೂ ಬಿಡದ ದುಭಾಷಿ

ದುಭಾಷಿಯ ಕೆಲಸದಲ್ಲಿ ಒಂದು ಫಜೀತಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಆಡಿದವರು ಆರಾಮಾಗಿ ಕೂತಿರುತ್ತಾರೆ, ಎಲ್ಲರೂ ಗುರಾಯಿಸುವುದು ನನ್ನನ್ನು. ಅಸಲಿಗೆ ನಾನು ಹಂಪಿಯ ಗೈಡು. ಕಲ್ಲಿನ ರಥದ ಮುಂದೆ ನಿಂತು ಒಂದೇ ಕತೆಯನ್ನು ಮೂರು ಭಾಷೆಯಲ್ಲಿ ಹೇಳಿ ಹೊಟ್ಟೆ ಹೊರೆಯುವವನು. ಹೋದ ಚಳಿಗಾಲಕ್ಕೆ ನನ್ನ ಗೈಡ್ ಕಾರ್ಡಿನ ಅವಧಿ ಮುಗಿಯಿತು. ಹೊಸದು ತಯಾರಾಗಿ ಹೊಸಪೇಟೆಯಲ್ಲಿ ಒಬ್ಬ ಸಾಹೇಬರ ಟೇಬಲಿನ ಡ್ರಾದಲ್ಲಿ ಮಲಗಿತ್ತು. ಕೊರಳಲ್ಲಿ ಕಾರ್ಡಿಲ್ಲದೆ ಹಂಪಿಯಲ್ಲಿ ಪ್ರವಾಸಿಗರ ಮುಂದೆ ಬಾಯಿ ತೆರೆಯುವಂತಿಲ್ಲ. ಸೀಜನ್ ನೋಡಿದರೆ ಶುರುವಾಗುತ್ತಿತ್ತು.

ಸಾಹೇಬರು ದುಡ್ಡು ಮುಟ್ಟುವವರಲ್ಲ. ಹಾಗಂತ ಅವರೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದರು. ಅವರಿಗಿದ್ದದ್ದು ಬೀಗರು. ಐತವಾರ ಬಂತೆಂದರೆ ಒಂದು ಜೀಪು ಬೀಗರು ಹಂಪಿಗೆ ಬಂದಿಳಿಯುತ್ತಿದ್ದರು. ನಾನು ಪುಕ್ಕಟೆ ಊರೆಲ್ಲ ತೋರಿಸಬೇಕು, ಮಾತಂಗ ಬೆಟ್ಟ ಹತ್ತಿಸಬೇಕು, ಮಂಡಿ ನೋವಿನ ಬೀಗಿತ್ತಿಯನ್ನು ಕೈಹಿಡಿದು ಇಳಿಸಬೇಕು. ಅವರ ಜೊತೆಗಿದ್ದಾಗ ಮಾತ್ರ ನನ್ನನ್ನು ಯಾರೂ ಕಾರ್ಡ್ ಕೇಳುತ್ತಿರಲಿಲ್ಲ. ಕಾರ್ಡಿನ ಮಾತೆತ್ತಿದರೆ ಸಾಹೇಬರು, ಮುಂದಿನ ವಾರ ನಮ್ಮ ಷಡ್ಡಕ ಬರ್ತಾನ, ಅವನದೊಂದು ಆಗಲಿ ಅನ್ನುತ್ತಿದ್ದರು.

ಅಷ್ಟರಲ್ಲಿ ನಮ್ಮ ಕಡೆ ಒಂದು ವಿದೇಶಿ ತಂಡ ಬಂತು. ಲಂಚ ತಡೆಯುವುದು ಹೇಗೆಂದು ದೇಶಗಳು ಒಬ್ಬರಿಂದೊಬ್ಬರು ಕಲಿಯಬೇಕಂತೆ, ಅದಕ್ಕೆ ಅದಿರಿನ ಸೀಮೆಯನ್ನು ನೋಡಿ ಹೋಗುವುದಕ್ಕೆ ಬಂದದ್ದು. ಮುಖ್ಯಸ್ಥೆ ಯುರೋಪಿನ ಒಬ್ಬ ಮೇಡಂ. ಜೊತೆಗೆ ಆಫ್ರಿಕಾದ ಒಬ್ಬ ಭಾರೀ ಆಳಿನ ಯಜಮಾನರು, ಅವರ ದೇಶದಲ್ಲೂ ಗಣಿಗಳಿದ್ದವು. ಕೆಲಸವಿಲ್ಲದೆ ಕೂತಿದ್ದ ನನ್ನನ್ನು ದುಭಾಷಿ ಮಾಡಿಕೊಂಡರು. ಮೊದಲ ದಿನವೇ ಮೇಡಂ ಒಂದು ನಿಯಮ ಹಾಕಿದರು: ಎದುರಿಗಿದ್ದವರು ಗಟ್ಟಿಯಾಗಿ ಆಡಲಿ, ಪಿಸುಗುಟ್ಟಲಿ, ಒಂದು ಮಾತೂ ಕೂಡಿಸಬಾರದು, ಒಂದು ಮಾತೂ ಬಿಡಬಾರದು. ಬಿಡದಿರುವುದೇನೋ ಸರಿ, ಕೂಡಿಸದೆ ಹೇಳುವುದು ಗೈಡಾದವನಿಗೆ ಎಂಥ ಶಿಕ್ಷೆ ಅನ್ನುವುದು ಆಯಮ್ಮನಿಗೇನು ಗೊತ್ತು.

ಶಾಲು

ಹೊಸಪೇಟೆಯ ಒಂದು ಸಭಾಂಗಣದಲ್ಲಿ ಸ್ವಾಗತ ಇಟ್ಟುಕೊಂಡಿದ್ದರು. ವ್ಯವಸ್ಥೆಯೆಲ್ಲ ಊರಿನ ಒಂದು ಸಂಘದ ಕಾರ್ಯದರ್ಶಿಯದು. ಅವರು ಶಾಲು ಬಿಚ್ಚಿಕೊಂಡು ಮುಂದೆ ಬಂದರು, ಮೇಡಂ ಹಿಂದೆ ಸರಿದರು. ಯಾರಿಂದಲೂ ಏನನ್ನೂ ತಗೊಳ್ಳುವಂತಿಲ್ಲ, ತಂಡದ ಕಟ್ಟುನಿಟ್ಟು ಅಂದರು. ಸಭೆಯಲ್ಲಿ ಗುಸುಗುಸು ಶುರುವಾಯಿತು. ಶಾಲು ಬೇಡ ಅಂದ ಅತಿಥಿಯನ್ನು ಹೊಸಪೇಟೆ ಅಲ್ಲಿಯವರೆಗೆ ಕಂಡಿರಲಿಲ್ಲ. ಕಾರ್ಯದರ್ಶಿ ಮುಖ ಸಣ್ಣದು ಮಾಡಿಕೊಂಡು ನನ್ನ ಕಿವಿಗೆ ಬಾಯಿ ಹಚ್ಚಿದರು.

"ಹೆದರಬ್ಯಾಡ್ರಿ ಅಂತ ಹೇಳ್ರಿ ಆಯಮ್ಮಗ. ಶಾಲು ಸಂಘದ್ದು. ಫೋಟೋ ಆದಮ್ಯಾಲ ನಾವಾ ವಾಪಸ್ ತಗೋತೀವಿ. ಭಾಳ ದಿನದಿಂದ ಎಲ್ಲಾರಿಗೂ ಇದನ್ನಾ ಹೊದಿಸಾಕತ್ತೀವಿ."

ನಿಯಮದಂತೆ ಅಷ್ಟನ್ನೂ ಹೇಳಿದೆ. ಮೇಡಂ ಮುಖ ಅರಳಿತು. ಕೊಟ್ಟದ್ದನ್ನು ಎಲ್ಲರೆದುರೇ ವಾಪಸ್ ಪಡೆಯುವ ಪದ್ಧತಿ ತಮ್ಮ ದೇಶದಲ್ಲಿಲ್ಲ, ಇದನ್ನು ಕಲಿಯಬೇಕು ಎಂದು ಬರೆದುಕೊಂಡರು. ಶಾಲು ಅವರ ಹೆಗಲಿಂದ ಯಜಮಾನರ ಹೆಗಲಿಗೆ ಹೋಯಿತು, ಅಲ್ಲಿಂದ ಮುಖ್ಯ ಅತಿಥಿಯಾಗಿ ಬಂದಿದ್ದ ನಮ್ಮ ಸಾಹೇಬರ ಹೆಗಲಿಗೆ, ಅಲ್ಲಿಂದ ಸಂಘದ ಚೀಲಕ್ಕೆ. ಚಪ್ಪಾಳೆಯನ್ನು ಮಾತ್ರ ಯಾರೂ ವಾಪಸ್ ತಗೊಳ್ಳಲಿಲ್ಲ.

ಗೇಟಿನಲ್ಲಿ ನಮಸ್ಕಾರ

ಮರುದಿನ ಸಂಡೂರಿನ ಕಡೆ ಹೋದೆವು. ಯಶವಂತನಗರದಿಂದ ಸ್ವಲ್ಪ ದೂರದಲ್ಲಿ ಅದಿರಿನ ಲಾರಿಗಳನ್ನು ತಪಾಸಣೆ ಮಾಡುವ ಒಂದು ಗೇಟು. ತಂಡ ಬರುವ ಸುದ್ದಿ ಮೊದಲೇ ಮುಟ್ಟಿತ್ತು. ರಸ್ತೆಗೆ ನೀರು ಹೊಡೆದಿದ್ದರು, ಕಂಬದ ಕೆಂಧೂಳು ತೊಳೆದಿದ್ದರು. ಆ ಕಂಬದ ಬಣ್ಣ ಹಳದಿ ಅನ್ನುವುದು ನನಗೆ ತಿಳಿದದ್ದೇ ಅವತ್ತು. ಸಿಬ್ಬಂದಿ ಬಂದ ಬಂದ ಲಾರಿಗೆಲ್ಲ ಕೈ ಮುಗಿಯುತ್ತಿದ್ದರು. ಗಾದಿಗನೂರಿನ ಒಬ್ಬ ಡ್ರೈವರು ಆ ನಮಸ್ಕಾರಕ್ಕೆ ಗಾಬರಿ ಬಿದ್ದು, ಗಾಡಿ ನಿಲ್ಲಿಸಿ ಇಳಿದು, ತನ್ನಿಂದೇನು ತಪ್ಪಾಯಿತು ಎಂದು ಕೇಳಿದ.

ಮೇಡಂ ಅವನನ್ನೇ ಹಿಡಿದರು. ಈ ಗೇಟಿನಲ್ಲಿ ಯಾರಾದರೂ ಏನಾದರೂ ಕೇಳುತ್ತಾರಾ? ಸಿಬ್ಬಂದಿ ಮುಗಿದ ಕೈ ಮುಗಿದಂತೆಯೇ ಅವನ ಕಡೆ ತಿರುಗಿದರು. ಡ್ರೈವರು ಟವೆಲಿನಿಂದ ನಿಧಾನಕ್ಕೆ ಮುಖ ಒರೆಸಿಕೊಂಡ.

"ಇವತ್ತು ಯಾರೂ ಏನೂ ಕೇಳಿಲ್ರಿ," ಅಂದ. "ನಮಸ್ಕಾರ ಬ್ಯಾರೆ ಮಾಡಿದ್ರು. ಮೇಡಮ್ಮೋರಿಗೆ ದಿನಾ ಬರಾಕ ಹೇಳ್ರಿ."

ಆಫ್ರಿಕಾದ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. ತಮ್ಮಲ್ಲಿ ಬರೀ ತೊಳೆಯುವುದಿಲ್ಲ, ಹೊಸ ಬಣ್ಣವನ್ನೇ ಬಳಿಯುತ್ತಾರೆ, ತಪಾಸಣೆ ಮುಗಿಸಿ ಹೋದವರ ಅಂಗಿಗೆಲ್ಲ ಬಣ್ಣ ಹತ್ತಿರುತ್ತದೆ ಅಂದರು.

ಕಂಪ್ಲಿಯ ಹೋಳಿಗೆ

ಕಂಪ್ಲಿಯಲ್ಲಿ ವ್ಯಾಪಾರಸ್ಥರ ಅಭಿಪ್ರಾಯ ಕೇಳುವುದಿತ್ತು. ಒಬ್ಬ ಅಕ್ಕಿ ಗಿರಣಿ ಮಾಲೀಕರ ಮನೆಯ ಪಡಸಾಲೆಯಲ್ಲಿ ಕೂತೆವು. ಮಾತು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಗಿ ಒಳಗಿಂದ ಹೋಳಿಗೆ ವಾಸನೆ ಬರತೊಡಗಿತು. ಊಟಕ್ಕೆ ಏಳ್ರಿ ಅಂದರೆ ಮೇಡಂದು ಮತ್ತೆ ಅದೇ ರಾಗ, ಯಾರ ಮನೆಯಲ್ಲೂ ಉಣ್ಣುವಂತಿಲ್ಲ. ಮಾಲೀಕರ ತಾಯಿ, ಹಣೆ ತುಂಬ ವಿಭೂತಿ ಹಚ್ಚಿದ ಅಜ್ಜಿ, ಹೊರಗೆ ಬಂದು ಯಾಕಂತೆ ಎಂದು ನನ್ನನ್ನು ವಿಚಾರಿಸಿದರು. ಉಂಡರೆ ಲಂಚ ಆಗುತ್ತದಂತೆ ಅಂದೆ.

"ಲಂಚ ಅಂದ್ರ ಕೆಲಸ ಆಗಬೇಕಾದವರು ಕೊಡಾದು ಯಪ್ಪಾ. ಈ ತಾಯಿ ಕಡಿಂದ ನಮಗ ಆಗಬೇಕಾದ್ದೇನೈತಿ? ಕುಂದ್ರಾಕ ಹೇಳು."

ಮೇಡಂ ಯೋಚಿಸಿದರು. ವಾದದಲ್ಲಿ ತಪ್ಪು ಸಿಗಲಿಲ್ಲ. ಯಜಮಾನರಂತೂ ಆಗಲೇ ಕೈ ತೊಳೆದುಕೊಂಡು ಬಂದಿದ್ದರು. ಇಬ್ಬರೂ ಕೂತು ಸಮಾ ಉಂಡರು. ಮೇಡಂ ಇನ್ನೊಂದು ಹೋಳಿಗೆ ಕೇಳಿ ಹಾಕಿಸಿಕೊಂಡು ಬಾಯಿಗಿಟ್ಟ ಹೊತ್ತಿಗೆ ಅಜ್ಜಿ ಹತ್ತಿರ ಬಂದು, ತಟ್ಟೆಗೆ ತುಪ್ಪ ಸುರಿದು, ನನಗೆ ಮೆಲ್ಲಕ್ಕೆ ಹೇಳಿದರು.

"ಹಂಗಾ ಒಂದು ಮಾತು ಕೇಳು ತಮ್ಮಾ. ನನ್ನ ಮೊಮ್ಮಗ ಇಂಜಿನಿಯರ್ ಓದ್ಯಾನ. ಇವರ ಆಫೀಸಿನ್ಯಾಗ ಒಂದು ಜಾಗ ಐತೇನು?"

ನಿಯಮ ನಿಯಮವೇ, ಹೇಳಿಬಿಟ್ಟೆ. ಮೇಡಂ ಅಗಿಯುವುದನ್ನು ನಿಲ್ಲಿಸಿದರು. ಪಾಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಶಾಲಿನ ಹಾಗೆ ಹೋಳಿಗೆಯನ್ನು ವಾಪಸ್ ಕೊಡುವ ಪದ್ಧತಿ ನಮ್ಮ ಕಡೆಯೂ ಇಲ್ಲ.

ಅದೇ ದಿನ

ಅವತ್ತು ಸಂಜೆ ಸಾಹೇಬರ ಫೋನು ಬಂತು. ಈ ಐತವಾರ ಒಂದಲ್ಲ, ಎರಡು ಜೀಪು. ಪಕ್ಕದಲ್ಲಿದ್ದ ನನ್ನ ಹೆಂಡತಿ, ಈ ಸೀಜನ್ ಪೂರಾ ಬೀಗರ ಪಾಲಾತೇನು ಎಂದು ಕೇಳಿದಳು. ಹಂಪಿಯಲ್ಲಿ ಪ್ರವಾಸಿಗರು ತುಂಬಿದ್ದರು, ನಾನು ಮನೆಯಲ್ಲಿದ್ದೆ. ನನಗೆ ಅಳು ಬರುವುದೊಂದು ಬಾಕಿ.

ಮರುದಿನ ಕೊನೆಯ ಸಭೆ, ಅದೇ ಸಭಾಂಗಣ. ವೇದಿಕೆಯ ಮೇಲೆ ಸಾಹೇಬರು. ನಾಡಭಾಷೆ ಬಿಟ್ಟು ಇನ್ನೊಂದರಲ್ಲಿ ಮಾತಾಡುವುದಿಲ್ಲ ಎಂದು ಅವರು ಘೋಷಿಸಿದ್ದರಿಂದ ಅವರಿಗೂ ಮೇಡಂಗೂ ನಡುವೆ ಕುರ್ಚಿ ಹಾಕಿ ನನ್ನನ್ನು ಕೂಡ್ರಿಸಿದ್ದರು. ಸಾಹೇಬರು ಪಾರದರ್ಶಕತೆಯ ಬಗ್ಗೆ ಬಾಯಿ ಒಣಗುವ ತನಕ ಮಾತಾಡಿದರು. ನಾನೂ ಒಣಗಿದೆ. ಆಮೇಲೆ ಮೇಡಂ ಕೇಳಿದರು, ನಿಮ್ಮ ಕಚೇರಿಯಲ್ಲಿ ಸಾಮಾನ್ಯ ಮನುಷ್ಯನಿಗೆ ಒಂದು ಪರವಾನಗಿ ಸಿಗುವುದಕ್ಕೆ ಎಷ್ಟು ದಿನ ಬೇಕು?

"ಅದೇ ದಿನ," ಅಂದರು ಸಾಹೇಬರು.

ಅದನ್ನೂ ಹಾಗೇ ಹೇಳಿದೆ. ಹಾಗೆ ಪಡೆದವರು ಯಾರಾದರೂ ಇಲ್ಲಿದ್ದಾರಾ ಎಂದು ಯಜಮಾನರು ಕೇಳಿದರು. ಸಾಹೇಬರು ಸಭೆಯನ್ನೆಲ್ಲ ಒಮ್ಮೆ ನೋಡಿದರು. ಆಮೇಲೆ ಮೈಕಿಗೆ ಕೈ ಅಡ್ಡ ಇಟ್ಟು ನನ್ನ ಕಡೆ ಬಾಗಿದರು.

"ಲೇ, ನನಗ ಸಿಕ್ಕೈತಿ ಅಂತ ನೀನಾ ಹೇಳು. ನಿನ್ನ ಕಾರ್ಡ್ ನಾಳೆ ಕೊಡ್ತೀನಿ. ಐತವಾರ ಬೀಗರದ್ದು ಮಾತ್ರ ಮರೀಬ್ಯಾಡ, ಎರಡು ಜೀಪು."

ಏನಂದರು ಎಂದು ಮೇಡಂ ಕೇಳಿದರು.

ಅವರ ನಿಯಮ ಅವರದೇ. ಕಾರ್ಡು, ನಾಳೆ, ಐತವಾರ, ಬೀಗರು, ಎರಡು ಜೀಪು, ಒಂದು ಮಾತೂ ಕೂಡಿಸದೆ, ಒಂದು ಮಾತೂ ಬಿಡದೆ, ನಾನು ಮೈಕಿನಲ್ಲೇ ಹೇಳಿದೆ. 'ಲೇ' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೂ ಸಿಗಲಿಲ್ಲ, ಹಾಗೇ ಇಟ್ಟೆ. ಯಜಮಾನರು ಪೆನ್ನು ಕೆಳಗಿಟ್ಟು, ತಮ್ಮ ದೇಶದಲ್ಲಿ ಒಂದು ಜಲಪಾತವಿದೆ, ಅಲ್ಲಿಗೆ ತಮ್ಮ ಕಡೆಯ ಸಾಹೇಬರ ಬೀಗರು ಬಸ್ಸು ಮಾಡಿಕೊಂಡು ಬರುತ್ತಾರೆ, ಜೀಪು ಎಷ್ಟೋ ವಾಸಿ ಅಂದರು.

ಸಾಹೇಬರು ಎದ್ದು ಫೋನ್ ಮಾಡಿದರು. ಕಚೇರಿ ಹಿಂದಿನ ಬೀದಿಯಲ್ಲೇ. ಚಹಾ ಕುಡಿದು ಮುಗಿಸುವುದರೊಳಗೆ ಜವಾನ ಸ್ಕೂಟರಿನಲ್ಲಿ ಕಾರ್ಡು ತಂದ. ಅದೇ ದಿನ ಅಂದದ್ದು ಸುಳ್ಳಾಗಲಿಲ್ಲ. ನನ್ನನ್ನು ವೇದಿಕೆಯ ನಡುವೆ ನಿಲ್ಲಿಸಿ, ಅದೇ ಶಾಲು ಹೊದಿಸಿ, ಸಾಹೇಬರು ನಗುತ್ತ ಕಾರ್ಡು ಕೊಟ್ಟರು. ಫೋಟೋ ಆಯಿತು. ಕಾರ್ಯದರ್ಶಿ ಬಂದು ಶಾಲು ತಗೊಂಡರು. ಇದನ್ನೂ ಕೇಳಿಯಾರು ಎಂದು ನಾನು ಕಾರ್ಡನ್ನು ಅಂಗಿ ಜೇಬಿಗೆ ಇಳಿಸಿ ಗುಂಡಿ ಹಾಕಿಕೊಂಡೆ.

ಮಂದಿ ಏಳುತ್ತಿರುವಾಗ ಸಾಹೇಬರು ನನ್ನ ಪಕ್ಕಕ್ಕೆ ಬಂದು, ಈ ಸಲ ಇನ್ನೂ ಮೆಲ್ಲಕ್ಕೆ, "ಐತವಾರದ್ದು?" ಅಂದರು.

ವೇದಿಕೆಯ ಆ ತುದಿಯಿಂದ ಮೇಡಂ ತಲೆ ಎತ್ತಿ, ಏನಂದರು ಎಂದು ಕೇಳಿದರು. ನಾನು ಬಾಯಿ ತೆರೆದೆ. ಅದಕ್ಕೂ ಮುಂಚೆ, ಅಷ್ಟೂ ದಿನದಲ್ಲಿ ಮೊದಲನೇ ಸಲ ಸಾಹೇಬರು ಸ್ವಚ್ಛ ಇಂಗ್ಲಿಷಿನಲ್ಲಿ ತಾವೇ ಉತ್ತರ ಕೊಟ್ಟರು: "ನಥಿಂಗ್, ಮೇಡಂ."