ಸುಬೇದಾರನ ತಂಪು ಮಹಲು

ಎರಡನೆಯ ಮಹಾಯುದ್ಧದ ಎರಡನೆಯ ಬೇಸಿಗೆ. ಹುಮನಾಬಾದಿನ ಅಡತಿ ವ್ಯಾಪಾರಿ ನಾಗನಾಥ, ಕಲ್ಯಾಣಿಗೆ ಹೊರಟ ಮೋಟಾರಿನ ಕಿಟಕಿ ಹಿಡಿದುಕೊಂಡು, ಒಳಗೆ ಕುಳಿತ ಹೆಂಡತಿಯೆದುರು ಭೀಷ್ಮನೂ ನಾಚುವಂಥ ಪ್ರತಿಜ್ಞೆ ಮಾಡಿದ.

"ನೀ ತಿರುಗಿ ಬರೂತನಕ ಸುಬೇದಾರನ ಬಾಲಕ್ಕೂ ಬಿಸಿಲು ತಾಕಂಗಿಲ್ಲ. ತಾಕಿದ್ರ ನನ್ನ ಹೆಸರು ನಾಗನಾಥ ಅಲ್ಲ."

"ಹೆಸರು ಬದಲಿ ಮಾಡಬ್ಯಾಡ್ರಿ. ಹೊತ್ತಹೊತ್ತಿಗೆ ನೀರು ಬದಲಿ ಮಾಡ್ರಿ, ಸಾಕು," ಎಂದಳು ಶೇವಂತಾಬಾಯಿ. "ಮಧ್ಯಾಹ್ನ ಹೊರಗ ಬಿಡಬ್ಯಾಡ್ರಿ. ನಿಮ್ಮಂಗ ಅದಕ್ಕ ಕಾಲಾಗ ಚಪ್ಪಲಿ ಇಲ್ಲ."

ಸುಬೇದಾರನೆಂದರೆ ಅವಳು ಸಾಕಿದ ನಾಯಿ. ಮೈತುಂಬ ಕರಿಯ ಜೂಲು. ಕಂಬಳಿ ಹೊದ್ದೇ ಹುಟ್ಟಿದ ಪ್ರಾಣಿ. ತಂಗಿಯ ಬಾಣಂತನಕ್ಕೆಂದು ತವರಿಗೆ ಹೊರಟವಳು ಮುಂಗಾರಿನ ಮಿರಗದ ಮಳೆ ಬೀಳುವತನಕ ಬರುವಂತಿರಲಿಲ್ಲ. 'ಲಗೂನ ಬಾ' ಎಂಬ ಮಾತು ನಾಗನಾಥನ ನಾಲಿಗೆಯ ತುದಿಗೆ ಬಂತು. ಆದರೆ ಇಡೀ ಬಾಜಾರಕ್ಕೆ ಕೇಳುವಂತೆ ತೊಗರಿಯ ದರ ಕೂಗುವ ಗಂಟಲು ಈ ಎರಡು ಮಾತಿಗೆ ಒಣಗಿಹೋಯಿತು. ಮೋಟಾರು ಧೂಳೆಬ್ಬಿಸಿ ಹೊರಟಿತು. ಧೂಳು ಕಣ್ಣಿಗೆ ಹೋಯಿತೆಂದು ಅವನು ಪಕ್ಕದವರಿಗೆಲ್ಲ ಹೇಳಿದ.

ಮನೆಗೆ ಬಂದರೆ ಅಡಿಗೆಮನೆಯಲ್ಲಿ ಬಳೆಯ ಸದ್ದಿಲ್ಲ. ರೊಟ್ಟಿಯನ್ನು ನೆರೆಯವರು ಕಳಿಸುತ್ತಿದ್ದರು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೆಂಡತಿಗೆ ಪತ್ರ ಬರೆಯಲು ಕುಳಿತ. ತನ್ನ ಸುದ್ದಿ ಬರೆಯಲು ನಾಚಿಕೆ. ಅದಕ್ಕೇ ಬರೆದ: "ಸುಬೇದಾರ ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ. ಬಾಗಿಲ ಕಡೆಗೇ ನೋಡುತ್ತಾನೆ." ಇದನ್ನು ಬರೆಯುವಾಗ ಸುಬೇದಾರ ಯಜಮಾನನ ಪಾಲಿನ ರೊಟ್ಟಿಯನ್ನೂ ಮುಗಿಸಿ ಮೂತಿ ನೆಕ್ಕಿಕೊಳ್ಳುತ್ತಿದ್ದ. ಮುಂದಿನ ಪತ್ರದಲ್ಲಿ ಸುಬೇದಾರನಿಗೆ ನಿದ್ದೆಯೂ ಹಾರಿಹೋಯಿತು. ಅದರ ಮುಂದಿನದರಲ್ಲಿ ಅವನು ನಿಟ್ಟುಸಿರನ್ನೂ ಬಿಟ್ಟ.

ಉತ್ತರ ಬಂತು: "ಗುರುವಾರ ಮಧ್ಯಾಹ್ನ ಬಂದು ನಾಯಿಯನ್ನು ನೋಡಿ, ಸಂಜೆಯ ಮೋಟಾರಿಗೆ ತಿರುಗಿ ಹೋಗುತ್ತೇನೆ."

ನಾಗನಾಥನಿಗೆ ರೆಕ್ಕೆ ಬಂದವು. ನಾಯಿಯ ವೈಭವ ಕಂಡು ಅವಳ ಮನಸ್ಸು ಕರಗಬೇಕು, ಇಲ್ಲೇ ಉಳಿದುಬಿಡಬೇಕು. ತಹಸೀಲ್ದಾರರ ಬಂಗಲೆಯಲ್ಲಿ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವುದನ್ನು ಅವನು ನೋಡಿದ್ದ. ಲಾವಂಚ ಎಲ್ಲಿಂದ ತರುವುದು? ಅಂಗಡಿಯಲ್ಲಿ ಖಾಲಿ ಗೋಣಿಚೀಲಗಳ ಗುಡ್ಡವೇ ಇತ್ತು. ಗುರುವಾರ ಬೆಳಿಗ್ಗೆ ಅಂಗಳದಲ್ಲಿ ನಾಲ್ಕು ಗಳ ನೆಟ್ಟು, ಸುತ್ತಲೂ ಮೇಲೂ ಗೋಣಿ ಹೊದಿಸಿ, ನಡುವೆ ಸುಬೇದಾರನನ್ನು ಕಟ್ಟಿ, ಕೊಡಗಟ್ಟಲೆ ನೀರು ಸುರಿದ. ನಿಜಾಮರ ನಾಯಿಗೂ ಇಂಥ ಮಹಲು ಇರಲಾರದೆಂದು ಎದೆಯುಬ್ಬಿಸಿ ನಿಂತ.

ಗೋಣಿಗಳು ಬೆಲ್ಲದವು.

ನೀರು ಪಾನಕವಾಗಿ ಸುಬೇದಾರನ ಜೂಲಿಗೆ ಇಳಿಯಿತು. ಮೊದಲು ಅವನು ಸಂತೋಷದಿಂದ ನೆಕ್ಕಿದ. ಅಷ್ಟರಲ್ಲಿ ಓಣಿಯ ಕೆಂಪಿರುವೆಗಳಿಗೆಲ್ಲ ಔತಣದ ಸುದ್ದಿ ಮುಟ್ಟಿತು. ಒಮ್ಮೆಲೇ ಮಹಲು ಅಲುಗಿತು, ಗಳ ಬಿತ್ತು, ಹಗ್ಗ ಹರಿಯಿತು. ಸುಬೇದಾರ ನೆತ್ತಿಯ ಮೇಲಿನ ಬಿಸಿಲಿಗೆ ಬಾಣದಂತೆ ಹಾರಿದ.

ಚಪ್ಪಲಿ ಹುಡುಕಲು ಪುರಸೊತ್ತಿಲ್ಲದೆ ನಾಗನಾಥ ಬೆನ್ನುಹತ್ತಿದ. ನೆಲ ಕಾದ ಹೆಂಚು. ಹತ್ತು ಹೆಜ್ಜೆಗೇ ನಾಯಿಯ ಪಾದದ ಸಂಕಟ ಅವನ ನೆತ್ತಿಗೇರಿತು. ಎರಡು ಓಣಿ ದಾಟಿದ ಮೇಲೆ ಮುದುಕಿ ಜೈನಬಿಯ ಅಂಗಳದಲ್ಲಿ, ನೀರಿನ ರಂಜಣಿಗೆಯ ಕೆಳಗಿನ ತೊಯ್ದ ಮಣ್ಣಿನಲ್ಲಿ ಸುಬೇದಾರ ಬಿದ್ದಿದ್ದ. ನಾಲಿಗೆ ನೆಲಕ್ಕೆ, ಪಕ್ಕೆ ತಿದಿಯಂತೆ ಬಡಿಯುತ್ತಿತ್ತು. ನಾಯಿ ಹೋದರೆ ಹೆಂಡತಿಯೆದುರು ಯಾವ ಮುಖ ಹೊತ್ತು ನಿಲ್ಲುವುದು? ನಾಗನಾಥ ಮುದುಕಿಯ ಕೈಯ ತಂಬಿಗೆ ಕಸಿದು ನಾಯಿಯ ಬಾಯಿಗೆ ನೀರು ಸುರಿಯಹೋದ.

"ಗಂಟಲಾಗ ಹಾಕಬ್ಯಾಡ ಬೇಟಾ, ಉಸಿರು ಕಟ್ತದ," ಜೈನಬಿ ಕೈ ಹಿಡಿದಳು. "ಹೊಟ್ಟಿ ತೊಯ್ಸು, ಪಾದ ತೊಯ್ಸು. ತಂಪಿನ ಜಾಗಾ ತಾನ ಹುಡುಕ್ಯಾದ. ನಿನಗಿಂತ ಅಕಲ್ ಅದಕ್ಕ ಜಾಸ್ತಿ ಅದ."

"ಬದುಕ್ತದೇನು ಖಾಲಾ?"

"ಅದು ಬದುಕ್ತದ. ನೀ ನೆರಳಿಗೆ ಬಾ ಮೊದಲು."

ಇಬ್ಬರೂ ನೀರು ಹಾಕುತ್ತ ಕುಳಿತರು. ಇರುವೆಗಳು ಹರಿದುಹೋದವು; ನಾಯಿಯ ಏದುಸಿರು ನಿಧಾನಕ್ಕೆ ಇಳಿಯಿತು. ಸುಬೇದಾರ ಎದ್ದು ತಾನೇ ನೀರು ಕುಡಿಯುವ ಹೊತ್ತಿಗೆ, ಓಣಿಯವರು ದಾರಿ ತೋರಿಸಿದರೆಂದು ಶೇವಂತಾಬಾಯಿ ಅಲ್ಲಿಗೇ ಬಂದಳು. ನಾಯಿಯ ಹೊಟ್ಟೆ ನೋಡಿದಳು. ಗಂಡನ ಕೆನ್ನೆ ನೋಡಿದಳು. ಬೊಬ್ಬೆ ಎದ್ದ ಅವನ ಅಂಗಾಲನ್ನೂ ನೋಡಿದಳು.

"ಉಣ್ಣೂದು ಬಿಟ್ಟು ಸೊರಗಿದಾವ ಯಾರಂದ್ರಿ?"

ನಾಗನಾಥ ರಂಜಣಿಗೆಯ ಕಡೆಗೆ ನೋಡಿದ.

ಮನೆಗೆ ಬಂದು ಅವಳು ಅವನ ಪಾದಕ್ಕೆ ಬೆಣ್ಣೆ ಸವರಿದಳು, ರೊಟ್ಟಿ ಬಡಿದು ಎದುರಿಗೆ ಕೂತು ಉಣಿಸಿದಳು. ಆದರೆ ತಂಗಿಯ ಮಗು ಹುಟ್ಟಿ ಇನ್ನೂ ಎಂಟು ದಿನ, ಅವಳು ಇಲ್ಲೇ ನಿಲ್ಲುವಂತಿರಲಿಲ್ಲ. ಸಂಜೆ ಡ್ರೈವರನನ್ನು ಕೈಮುಗಿದು ಒಪ್ಪಿಸಿ, ನಾಯಿಯನ್ನು ಸೀಟಿನ ಕೆಳಗೆ ಮಲಗಿಸಿಕೊಂಡಳು.

"ಅದನ್ನೂ ಒಯ್ತೀಯೇನು?" ಅವನ ದನಿ ಸಣ್ಣಗಾಯಿತು.

"ಹೌದ್ರಿ. ಇನ್ನ ಪತ್ರ ಬರದ್ರ ನಿಮ್ಮ ಸುದ್ದಿ ಬರೀರಿ. ನಾಯಿ ಸುದ್ದಿ ನನಗ ಗೊತ್ತಿರ್ತದ."

ಮೂರು ದಿನ ಕುಳಿತರೂ ಲೇಖನಿ ಮುಂದಕ್ಕೆ ಸರಿಯಲಿಲ್ಲ. ಸೆಕೆಗೆ ಮಸಿಯೇ ಒಣಗಿತು. ನಾಲ್ಕನೆಯ ದಿನ ಒಂದೇ ಸಾಲು ಬರೆದ: "ನೀ ಇಲ್ಲದ ಮನಿಯಾಗ ನನಗ ಇರಾಕ ಆಗವಲ್ದು." ಟಪಾಲಿಗೆ ಹಾಕಿದರೆ ಮುಟ್ಟಲು ಎರಡು ದಿನ ಬೇಕೆಂದು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ತಾನೇ ಕಲ್ಯಾಣಿಯ ಮೋಟಾರು ಹತ್ತಿದ.