ಗಾರ್ಲಂಡ್‌ನ ಕಿಡ್ನಿ ನಮ್ಮ ಮನೆಗೆ ಬೇಡ

ಹೆಂಡತಿಗೆ ಚಿನ್ನ ಕೊಡಿಸುವ ಗಂಡಂದಿರು ಬೇಕಾದಷ್ಟಿದ್ದಾರೆ. ದೋಣಿ ಕೊಡಿಸಿದವರನ್ನೂ ನಮ್ಮ ಸರೋವರದ ದಂಡೆಯಲ್ಲಿ ತೋರಿಸಬಲ್ಲೆ. ನಾನು ವರ್ಲಿನ್! ನನ್ನ ಹೆಂಡತಿ ಮಾರ್ಸೆಲ್ಲಾಳಿಗೆ ನನ್ನ ಎಡಗಡೆಯ ಕಿಡ್ನಿಯನ್ನೇ ಕೊಡುತ್ತೇನೆಂದು ಘೋಷಿಸಿದೆ. ಘೋಷಿಸಿದ್ದು ಮನೆಯಲ್ಲಲ್ಲ. ಉತ್ತರ ವಿಸ್ಕಾನ್ಸಿನ್‌ನ ನಮ್ಮ ಪುಟ್ಟ ಊರಿಗೆ ಇರುವುದೊಂದೇ ಬಾರ್. ಶುಕ್ರವಾರ ಸಂಜೆ ಊರಿಗೆ ಊರೇ ಅಲ್ಲಿ ಕರಿದ ಮೀನು ತಿನ್ನುತ್ತ ಕೂತಿದ್ದಾಗ ಘೋಷಿಸಿದೆ. ಅದೂ ಕುರ್ಚಿ ಹತ್ತಿ ನಿಂತು!

ಕುರ್ಚಿ ಹತ್ತಲು ಕಾರಣ ಮೂಲೆಯ ಮೇಜಿನಲ್ಲಿ ಕೂತಿದ್ದ ಗಾರ್ಲಂಡ್. ಇವನು ಮಾರ್ಸೆಲ್ಲಾಳ ಮೊದಲ ಗಂಡ. ಗಾಳಕ್ಕೆ ಸಿಕ್ಕಿಸುವ ಎರೆಹುಳು ಮಾರುವ ಅಂಗಡಿ ಇಟ್ಟಿದ್ದಾನೆ. "ಮದುವೆಯಾಗಿದ್ದಷ್ಟು ದಿನ ಆ ಮನುಷ್ಯ ನಂಗೆ ಏನೂ ಕೊಡ್ಲಿಲ್ಲ" ಎಂದು ಮಾರ್ಸೆಲ್ಲಾ ಆಗಾಗ ಹೇಳುತ್ತಿದ್ದಳು. ಈ ಒಂದು ಮಾತಿನ ಮೇಲೆ ನನ್ನ ಸಂಸಾರ ನಿಂತಿತ್ತು. ಅಂಥವನು, ಅವಳ ಎರಡೂ ಕಿಡ್ನಿ ಕೈಕೊಟ್ಟ ಸುದ್ದಿ ಕೇಳಿ ನಮ್ಮ ಬಾಗಿಲಿಗೆ ಬಂದು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, "ನಂದು ಹೊಂದತ್ತೇನೋ, ನೋಡಿಸ್ಲಾ?" ಎಂದು ಕೇಳಿದ್ದ.

"ಬೇಡ, ನಮ್ಮನೇಲೇ ಇದೆ" ಎಂದಿದ್ದೆ. ಮನೆಯಲ್ಲಿ ಸಕ್ಕರೆ ಇದೆ, ಕಡ ಬೇಡ ಎನ್ನುವ ಧಾಟಿಯಲ್ಲಿ.

ಗಾರ್ಲಂಡ್‌ನ ಕಿಡ್ನಿ ನಮ್ಮ ಮನೆಯ ಹೊಸಿಲು ದಾಟಕೂಡದು! ಅದು ನನ್ನ ಶಪಥ. ನನ್ನ ಹೆಂಡತಿಯ ಮೈಯೊಳಗೆ ಕೂತು ಅವನ ಅಂಗ ಹಗಲೂ ಇರುಳೂ ಕೆಲಸ ಮಾಡುವುದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ದೇವರು ನನ್ನ ಕಡೆಗಿದ್ದ. ರಕ್ತ ಹೊಂದಿತು, ಎಲ್ಲವೂ ಹೊಂದಿತು. ಆಸ್ಪತ್ರೆಯಲ್ಲಿ ನಮ್ಮನ್ನು ನೋಡಿಕೊಳ್ಳುತ್ತಿದ್ದ ನರ್ಸ್ ರೊಕ್ಸಾನ್ ಒಂದೇ ಒಂದು ತಕರಾರು ತೆಗೆದಳು.

"ನಿಮ್ಮ ಕಿಡ್ನಿ ಚೆನ್ನಾಗಿದೆ. ಅದರ ಸುತ್ತ ಇರೋ ನೀವು ಸ್ವಲ್ಪ ತೂಕ ಇಳಿಸ್ಬೇಕು. ತರಕಾರಿ, ಓಟ್ಸ್, ಬೀನ್ಸ್ ತಿನ್ನಿ. ಉಪ್ಪು ಕಡಿಮೆ. ಮಾಂಸ ಅಂಗೈ ಅಗಲ ಸಾಕು. ನೀರು ಕುಡೀರಿ. ನಮ್ಮನ್ನ ಕೇಳ್ದೆ ಯಾವ ಮಾತ್ರೇನೂ ನುಂಗ್ಬೇಡಿ. ನಾಳೆ ನಿಮ್ಮಲ್ಲಿ ಉಳಿಯೋ ಒಂದು ಕಿಡ್ನಿ ಎರಡರ ಕೆಲಸ ಮಾಡ್ಬೇಕು. ಈಗ್ಲಿಂದ್ಲೇ ಅದನ್ನ ಚೆನ್ನಾಗಿ ಇಟ್ಕೊಳ್ಳಿ."

"ಕೇಳಿಸ್ತಾ?" ಎಂದಳು ಮಾರ್ಸೆಲ್ಲಾ.

"ಕೇಳಿಸ್ತು" ಎಂದೆ. ಕಿವಿ ಆಗ ಸರಿಯಾಗೇ ಇತ್ತು.

ಅಷ್ಟರಲ್ಲಿ ಊರು ನಮ್ಮ ಖರ್ಚಿಗೆ ಕೈಜೋಡಿಸಲು ಎದ್ದು ನಿಂತಿತು. ನಮ್ಮ ಕಡೆ ಯಾರಿಗೆ ಕಷ್ಟ ಬಂದರೂ ಬಾರಿನಲ್ಲಿ ಮಾಂಸದ ಲಾಟರಿ ಇಡುತ್ತಾರೆ. ಚೀಟಿ ಕೊಂಡವರಿಗೆ ಅದೃಷ್ಟವಿದ್ದರೆ ಹಂದಿಯ ಪಕ್ಕೆಲುಬು, ದನದ ತೊಡೆ, ಸಾಸೇಜಿನ ಸರ. ಮನೆ ಸುಟ್ಟವರಿಗೂ ಇದೇ, ಚರ್ಚಿನ ಮಾಡು ಸೋರಿದರೂ ಇದೇ. ಕಿಡ್ನಿಗೂ ಇದನ್ನೇ ಇಟ್ಟರು. "ವರ್ಲಿನ್ ಕಿಡ್ನಿ ಸೇನೆ" ಎಂದು ಎದೆಯ ಮೇಲೆ ಬರೆದು, ಕೆಳಗೆ ನನ್ನ ಮುಖ ಅಚ್ಚು ಹಾಕಿಸಿದ ಅಂಗಿಗಳನ್ನೂ ಮಾರಿದರು. ಗಾರ್ಲಂಡ್ ಕೂಡ ಒಂದು ಕೊಂಡ.

ಎಡವಟ್ಟಾದದ್ದು ಇಲ್ಲೇ. ಗೆದ್ದವರಲ್ಲಿ ಯಾರೂ ಮಾಂಸವನ್ನು ಮನೆಗೆ ಒಯ್ಯಲಿಲ್ಲ. "ಕಿಡ್ನಿ ಕೊಡೋನು ನೀನು, ಗಟ್ಟಿಯಾಗಿರ್ಬೇಕು ಕಣಯ್ಯ, ತಗೋ" ಎಂದು ಒಬ್ಬೊಬ್ಬರಾಗಿ ಬಂದು ನನ್ನ ಮಡಿಲಿಗೆ ಹಾಕಿದರು. ಗ್ಯಾರೇಜಿನ ಫ್ರೀಜರಿನ ಮುಚ್ಚಳ ಮುಚ್ಚಲು ನಾನು ಅದರ ಮೇಲೆ ಕೂರಬೇಕಾಯಿತು. ಹಾಗೆ ಕೂತಾಗಲೇ ನನಗೆ ಜ್ಞಾನೋದಯವಾದದ್ದು. ಬೊಜ್ಜು ಬರುವುದು ಬ್ರೆಡ್ಡಿನಿಂದ, ಆಲೂಗಡ್ಡೆಯಿಂದ. ಮಾಂಸವೊಂದನ್ನೇ ತಿಂದರೆ ಬೊಜ್ಜು ಬರುವುದಾದರೂ ಹೇಗೆ? ಬಾರಿನಲ್ಲಿ ನಾಲ್ಕು ಜನರನ್ನು ಕೇಳಿದೆ. ನಾಲ್ಕೂ ಜನ ಹೌದೆಂದರು.

ಬೆಳಿಗ್ಗೆ ಸಾಸೇಜು, ಮಧ್ಯಾಹ್ನ ಪಕ್ಕೆಲುಬು, ಸಂಜೆಗೆ ತೊಡೆ. ತೂಕ ಸರಸರ ಇಳಿಯಿತು. ಪ್ಯಾಂಟು ಜಾರತೊಡಗಿತು. ಗಾರ್ಲಂಡ್‌ನ ಅಂಗಡಿಯ ಮುಂದೆ ಬೇಕೆಂದೇ ಎರಡು ಸಲ ನಡೆದು ಬಂದೆ.

"ಬೀನ್ಸ್ ಎಲ್ಲಿ?" ಎಂದು ಮಾರ್ಸೆಲ್ಲಾ ತಟ್ಟೆ ನೋಡಿ ಕೇಳುತ್ತಿದ್ದಳು.

"ಹುಲ್ಲು ತಿಂದ ದನ ಕಣೇ ಇದು. ಸೊಪ್ಪು ತರಕಾರಿ ಬರ್ತಾ ಇದೆ, ಸ್ವಲ್ಪ ಬಳಸಿ ಬರ್ತಾ ಇದೆ."

ಅವಳು ನಗಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಕುರ್ಚಿಯಲ್ಲಿ ಕೂತು ಬಂದು, ಮುಖ ಬೂದಿ ಬಣ್ಣಕ್ಕೆ ತಿರುಗಿ, ಊಟದ ಮೇಜಿನಲ್ಲೇ ತೂಕಡಿಸುತ್ತಿದ್ದವಳು ಅವಳು. "ನಂಗೆ ಒಂದು ಬಾಳೆಹಣ್ಣು ತಿನ್ನೋಕೂ ಹೆದ್ರಿಕೆ. ಏನ್ ಬೇಕಾದ್ರೂ ತಿನ್ಬಹುದಾದ ನೀನು, ಹೇಳಿದ್ದೊಂದು ಬಿಟ್ಟು ಮಿಕ್ಕಿದ್ದೆಲ್ಲಾ ತಿಂತೀಯ" ಎಂದಳು. ನಾನು ತೂಕದ ಯಂತ್ರದ ಮೇಲೆ ನಿಂತು ತೋರಿಸಿದೆ. ಅವಳು ನೋಡಲಿಲ್ಲ.

ಆಮೇಲೆ ಬಲಗಾಲಿನ ಹೆಬ್ಬೆರಳು ಬಾತುಕೊಂಡಿತು. ಹೊದಿಕೆ ತಾಗಿದರೂ ಪ್ರಾಣ ಹೋಗುವಷ್ಟು ನೋವು. ಇಷ್ಟೊಂದು ಮಾಂಸ ತಿಂದವರಿಗೆ ಹೀಗಾಗುವುದುಂಟಂತೆ. ಗೊತ್ತಾದದ್ದು ಆಮೇಲೆ. ಆಗ ನನಗಿದ್ದ ಚಿಂತೆ ಒಂದೇ: ಕಿಡ್ನಿ ದಾನಿ ಕುಂಟುವುದನ್ನು ಗಾರ್ಲಂಡ್ ನೋಡಬಾರದು! ಮನೆಯಲ್ಲಿದ್ದ ನೋವಿನ ಮಾತ್ರೆಯನ್ನು ಹುರಿಗಡಲೆಯ ಹಾಗೆ ಬಾಯಿಗೆ ಹಾಕಿಕೊಂಡೆ. ರೊಕ್ಸಾನ್‌ಗೆ ಹೇಳಲಿಲ್ಲ, ಮಾರ್ಸೆಲ್ಲಾಳಿಗೂ ಹೇಳಲಿಲ್ಲ.

ಆಪರೇಷನ್ನಿಗೆ ಮುಂಚಿನ ಕೊನೆಯ ರಕ್ತ ಪರೀಕ್ಷೆಯಾದ ಮರುದಿನ ಫೋನ್ ಬಂತು. ಮಾರ್ಸೆಲ್ಲಾ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

"ವರ್ಲಿನ್, ಏನು ತಿಂತಾ ಇದ್ರಿ?" ಎಂದಳು ರೊಕ್ಸಾನ್.

"ಸ್ವಲ್ಪ ಮಾಂಸ."

"ಸ್ವಲ್ಪ ಅಂದ್ರೆ?"

"ಒಂದು ದನ, ಅರ್ಧ ಹಂದಿ" ಎಂದಳು ಮಾರ್ಸೆಲ್ಲಾ.

"ಮಾತ್ರೆ ಏನಾದ್ರೂ ನುಂಗಿದ್ರಾ?"

ನಾನು ಹೆಬ್ಬೆರಳು ನೋಡಿಕೊಂಡೆ. ಹೇಳಲೇಬೇಕಾಯಿತು. ಎಷ್ಟು ನುಂಗಿದೆ ಎಂಬುದನ್ನೂ ರೊಕ್ಸಾನ್ ಬಾಯಿ ಬಿಡಿಸಿದಳು.

"ನಿಮ್ಮ ಕಿಡ್ನಿ ಈಗ ಯಾರಿಗೂ ಕೊಡೋ ಸ್ಥಿತೀಲಿಲ್ಲ. ನೀವೇ ಇಟ್ಕೊಳ್ಳೋದಾದ್ರೂ ಹುಷಾರಾಗಿ ಇಟ್ಕೊಳ್ಳಿ. ಡಾಕ್ಟ್ರು ಆಪರೇಷನ್ ಬೇಡ ಅಂದಿದಾರೆ. ನಿಮ್ಮದು ಸುಧಾರಿಸುತ್ತಾ ಅಂತ ತಿಂಗಳುಗಟ್ಲೆ ನೋಡ್ಬೇಕು."

ಮಾರ್ಸೆಲ್ಲಾಳ ಹತ್ತಿರ ತಿಂಗಳುಗಟ್ಟಲೆ ಸಮಯ ಇರಲಿಲ್ಲ. ಹಿಂದಿನ ವಾರವಷ್ಟೇ ಶ್ವಾಸಕೋಶದಲ್ಲಿ ನೀರು ತುಂಬಿ ಆಸ್ಪತ್ರೆ ಸೇರಿ ಬಂದಿದ್ದಳು. ಅವಳು ಕೂಗಾಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಫೋನ್ ಆರಿಸಿ, ತಣ್ಣಗೆ ಕೇಳಿದಳು:

"ನೀನು ನಂಗೆ ಕಿಡ್ನಿ ಕೊಡೋಕೆ ಹೊರಟಿದ್ಯಾ, ಇಲ್ಲ ಗಾರ್ಲಂಡ್‌ಗೆ ಬುದ್ಧಿ ಕಲಿಸೋಕೆ ಹೊರಟಿದ್ಯಾ?"

ಉತ್ತರ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.

"ಆಸ್ಪತ್ರೆಯೋರು ಇನ್ನೊಬ್ರನ್ನ ತಯಾರಾಗಿ ಇಟ್ಕೊಳ್ಳಿ ಅಂದಿದ್ರು. ಇಟ್ಕೊಂಡಿದೀನಿ. ಅವನದ್ದೂ ಎಲ್ಲಾ ಪರೀಕ್ಷೆ ಆಗಿದೆ" ಎಂದಳು.

ಯಾರು ಎಂದು ಕೇಳುವಷ್ಟು ದಡ್ಡ ನಾನಲ್ಲ. "ಯಾವಾಗ ಮಾತಾಡ್ದೆ ಅವನ ಹತ್ರ?"

"ನೀನು ಬಾರಲ್ಲಿ ಕುರ್ಚಿ ಹತ್ತಿದ್ಯಲ್ಲ, ಅದರ ಮಾರನೇ ದಿನ."

"ನನ್ನ ಮೇಲೆ ನಂಬಿಕೆ ಇರ್ಲಿಲ್ವಾ?"

"ಇತ್ತು. ನೀನು ಕುರ್ಚಿ ಹತ್ತೋ ತನಕ."

ಆಸ್ಪತ್ರೆಗೆ ನನ್ನ ಟ್ರಕ್ಕಿನಲ್ಲೇ ಮೂವರೂ ಒಂದೇ ಸೀಟಿನಲ್ಲಿ ಒತ್ತಿ ಕೂತು ಹೋದೆವು. ಮಧ್ಯದಲ್ಲಿ ಮಾರ್ಸೆಲ್ಲಾ. ಕಿಟಕಿಯ ಪಕ್ಕದಲ್ಲಿ ಗಾರ್ಲಂಡ್, ಎದೆಯ ಮೇಲೆ ನನ್ನ ಮುಖ. "ಬೇಜಾರ್ ಮಾಡ್ಕೋಬೇಡ, ಒಗೆದಿದ್ದು ಇದೊಂದೇ ಇತ್ತು" ಎಂದ. ಇಷ್ಟು ದಿನ ಅವನು ತಿಂದದ್ದು ಓಟ್ಸ್ ಗಂಜಿ, ಬೇಯಿಸಿದ ಬೀನ್ಸ್. ರೊಕ್ಸಾನ್ ಹೇಳಿದಳು, ತಿಂದ. ಅದರಲ್ಲಿ ಅವನಿಗೆ ಯಾವ ಸಿದ್ಧಾಂತವೂ ಇರಲಿಲ್ಲ.

ಇಬ್ಬರನ್ನೂ ಒಳಗೆ ತಳ್ಳಿಕೊಂಡು ಹೋದರು. ಗಾರ್ಲಂಡ್‌ನ ಅಂಗಿಯನ್ನು ಮಡಿಸಿ ನನ್ನ ಕೈಗೆ ಕೊಟ್ಟರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತ ಕೂತಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ಯಾರದ್ದಾದರೂ ಸರಿ, ಅವಳು ಬದುಕಿ ಬರಲಿ ಎಂದು ಬೇಡಿಕೊಂಡೆ. ಅಷ್ಟನ್ನೇ ಮೊದಲ ದಿನವೇ, ಅವನು ಬಾಗಿಲಿಗೆ ಬಂದು ನಿಂತಿದ್ದಾಗಲೇ ಬೇಡಿಕೊಳ್ಳಬಹುದಿತ್ತು.

ಬದುಕಿದಳು. ಕೆನ್ನೆ ಮತ್ತೆ ಕೆಂಪೇರಿತು. ಕೆಟ್ಟ ಕಿಡ್ನಿಗಳನ್ನು ತೆಗೆಯದೆ ಹಾಗೇ ಬಿಡುತ್ತಾರಂತೆ. ಹಾಗಾಗಿ ಈಗ ಮಾರ್ಸೆಲ್ಲಾಳಲ್ಲಿ ಮೂರಿವೆ, ಗಾರ್ಲಂಡ್‌ನಲ್ಲಿ ಒಂದಿದೆ, ನನ್ನಲ್ಲಿ ಎರಡಿವೆ, ಎರಡರ ಮೇಲೂ ಯಾರಿಗೂ ಭರವಸೆಯಿಲ್ಲ. ಭಾನುವಾರ ಮಧ್ಯಾಹ್ನ ಗಾರ್ಲಂಡ್ ಊಟಕ್ಕೆ ಬರುತ್ತಾನೆ. ಕರೆಯುವುದು ಅವಳು, ಅಡಿಗೆ ನನ್ನದು. ನನ್ನ ಫ್ರೀಜರಿನ ಪಕ್ಕೆಲುಬನ್ನು ಅವರಿಬ್ಬರೂ ಅಂಗೈ ಅಗಲ ತಿನ್ನುತ್ತಾರೆ. ಅವಳು ಮೊದಲು ತಿನ್ನುತ್ತಿದ್ದ ಉಪ್ಪಿಲ್ಲದ ಎಲೆಕೋಸನ್ನು ನಾನು ತಿನ್ನುತ್ತೇನೆ. ಅವನು ಏನೂ ಕೊಡಲಿಲ್ಲ ಎಂಬ ಆ ಮಾತು ಈಗ ನಮ್ಮ ಮನೆಯಲ್ಲಿ ಬರುವುದಿಲ್ಲ.

ಮೊನ್ನೆ ಊಟದ ನಡುವೆ ಮಾರ್ಸೆಲ್ಲಾ ನನ್ನ ಹೊಸ ರಕ್ತ ಪರೀಕ್ಷೆಯ ವಿಷಯ ತೆಗೆದಳು. ಇನ್ನೂ ಪೂರ್ತಿ ಸುಧಾರಿಸಿಲ್ಲವಂತೆ, ಮುಂದೆ ಹೇಗೋ ಏನೋ ಎಂದಳು. ನಾನು ಎಲೆಕೋಸು ಕೆದಕಿದೆ.

ಗಾರ್ಲಂಡ್ ಬಾಯಿ ಒರೆಸಿಕೊಂಡು, ನನ್ನ ಕಡೆ ಕರುಣೆಯಿಂದ ನೋಡಿದ.

"ಯೋಚ್ನೆ ಮಾಡ್ಬೇಡ ವರ್ಲಿನ್" ಎಂದ. "ನನ್ನ ಹತ್ರ ಇನ್ನೊಂದಿದೆಯಲ್ಲ."