ವಾಪಸ್ ಕೊಡುವ ಭಾವ

ನಮ್ಮ ಭಾವ ಅಂಗಡಿಗೆ ಹೋಗುತ್ತಿದ್ದದ್ದು ಸಾಮಾನು ತರುವುದಕ್ಕಲ್ಲ, ವಾಪಸ್ ಕೊಡುವುದಕ್ಕೆ! ವಾಪಸ್ ಕೊಡಬೇಕಾದರೆ ಮೊದಲು ಕೊಳ್ಳಬೇಕಲ್ಲ, ಪಾಪ, ಅದಕ್ಕಾಗಿ ಕೊಳ್ಳುತ್ತಿದ್ದರು. ನನಗೆ ಅಕ್ಕನಿಲ್ಲ, ಅವರಿಗೆ ಮದುವೆಯಾಗಿಲ್ಲ; ಆದರೂ ರಿಯಾದಿನ ನಮ್ಮ ರೂಮಿನ ಐದೂ ಜನರಿಗೆ ಅವರು ಭಾವ.

ತೊಂಬತ್ತರ ದಶಕದ ಮಾತು. ಮೂರು ದಿನದೊಳಗೆ ಬಿಲ್ಲು, ಪೆಟ್ಟಿಗೆ ಸಮೇತ ತಂದರೆ ಬದಲಿಸಿ ಕೊಡುತ್ತೇವೆ ಎಂದು ಅಂಗಡಿಯ ಗೋಡೆಯಲ್ಲಿ ಬರೆದಿರುತ್ತಿತ್ತು. ನಾವು ಓದಿ ಮರೆತೆವು, ಭಾವ ಬಾಯಿಪಾಠ ಮಾಡಿದರು. ಪೆಟ್ಟಿಗೆಯ ಅಂಟುಪಟ್ಟಿಯನ್ನು ಬ್ಲೇಡಿನಿಂದ ಆಪರೇಷನ್ ಮಾಡಿದ ಹಾಗೆ ಬಿಡಿಸುವರು. ಥರ್ಮಾಕೋಲೆಲ್ಲ ಮಂಚದಡಿ ಭದ್ರ. ನಮ್ಮ ಚಪ್ಪಲಿಗೆ ಮಾತ್ರ ಜಾಗವಿಲ್ಲ! ಒಮ್ಮೆ ಹೊಸ ಫ್ಲಾಸ್ಕ್ ಹಿಡಿದು ಹೊರಟರು.

"ಎಂತ ಆಯ್ತು ಭಾವ, ಚಹಾ ಬಿಸಿ ಇರುದಿಲ್ವಾ?"

"ಆರುದೇ ಇಲ್ಲ ಮಾರಾಯ! ನನ್ನ ನಾಲಿಗೆ ಸುಟ್ಟದ್ದು ನೋಡು."

ಇಂಥವರಿಗೆ ಏನು ಹೇಳುವುದು?

ನಾನು ರಜೆಯಲ್ಲಿ ಊರಿಗೆ ಹೊರಟಾಗಲಂತೂ ಭಾವ ಮಿತಿ ಮೀರಿದರು. ಕಾಪುವಿನಲ್ಲಿದ್ದ ಅವರ ಉಮ್ಮನಿಗೆ, ಅಂದರೆ ತಾಯಿಗೆ, ನನ್ನ ಕೈಯಲ್ಲಿ ಟೇಪ್‌ರೆಕಾರ್ಡರ್ ಕಳಿಸಬೇಕಿತ್ತು. ಎರಡು ವರ್ಷದ ಹಿಂದೆ, ಪೆಟ್ಟಿಗೆಯನ್ನೂ ಬಿಚ್ಚಿ ನೋಡದೆ ಒಂದನ್ನು ಕಳಿಸಿದ್ದರು. ತಿಂಗಳಿಗೊಂದು ಕ್ಯಾಸೆಟ್‌ನಲ್ಲಿ ಮಾತಾಡಿಯೂ ಕಳಿಸುತ್ತಿದ್ದರು. ಆಗ ನಮ್ಮವರ ಪತ್ರವೇ ಅದು.

"ಹಲ್ಲುನೋವು ಹೇಗುಂಟು ಅಂತ ಕ್ಯಾಸೆಟ್‌ನಲ್ಲಿ ಕೇಳಿದ್ರೆ ಉಮ್ಮ ಕಾಗದದಲ್ಲಿ ಎಮ್ಮೆ ಕರು ಹಾಕಿದ್ದು ಬರೆಸ್ತಾರೆ. ಅವರಿಗೆ ನನ್ನ ಸ್ವರ ಕೇಳ್ತದಾ ಇಲ್ವಾ ಅಂತಲೇ ಸಂಶಯ," ಎಂದರು ಭಾವ. "ಊರಿಂದ ವಾಪಸ್ ಕೊಡ್ಲಿಕ್ಕೆ ಆಗ್ತದಾ ಹೇಳು?"

ಸರಿ, ಒಂದೇ ವಾರದಲ್ಲಿ ಎರಡು ಟೇಪ್‌ರೆಕಾರ್ಡರ್ ವಾಪಸ್! ಪ್ರತಿ ಸಲವೂ ಅಂಗಡಿಯ ನಟ್ಟನಡುವೆ ರೆಕಾರ್ಡಿನ ಕೆಂಪು ಗುಂಡಿ ಒತ್ತಿ "ಉಮ್ಮಾ, ಕೇಳ್ತದಾ?" ಎಂದು ಕೂಗಿ, ಟೇಪನ್ನು ಹಿಂದೆ ತಿರುಗಿಸಿ ಕೇಳುವರು. ಒಂದರಲ್ಲಿ ಸ್ವರ ನಡುಗಿತು. ಇನ್ನೊಂದರ ಬಗ್ಗೆ, "ನಂಗೆ ಶೀತ ಆದ ಹಾಗೆ ಕೇಳ್ತದೆ, ಉಮ್ಮ ಹೆದರ್ತಾರೆ!" ಎಂದರು. ಮೂರನೆಯ ಸಲ ನಮ್ಮನ್ನು ಕಂಡ ಯೆಮನ್ ದೇಶದ ಅಂಗಡಿಯವನು ಸಲಾಮಿನ ಬದಲು ಕೈಯೆತ್ತಿ ಕೂಗಿದ: "ಉಮ್ಮಾ, ಕೇಳ್ತದಾ?"

ಆ ಮೂರನೆಯದನ್ನು ಹೊತ್ತು ಕಾಪುವಿಗೆ ಹೋದೆ. ಹಳೆಯದು ಶೋಕೇಸಿನಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿತ್ತು. ಪಕ್ಕದಲ್ಲಿ ಭಾವನ ಕ್ಯಾಸೆಟ್ಟುಗಳು ಸಾಲಾಗಿದ್ದವು, ಒಂದರ ಮೇಲೂ ಧೂಳಿಲ್ಲ.

"ಬಂದ ದಿನದಿಂದಲೇ ಅದಕ್ಕೆ ಸ್ವರ ಇಲ್ಲ," ಎಂದರು ಉಮ್ಮ.

"ಪಕ್ಕದ ಮನೆಯಲ್ಲಾದ್ರೂ ಹಾಕಿ ಕೇಳ್ಬಹುದಿತ್ತಲ್ಲ?"

"ಮಗ ಹಾಳಾದ್ದು ಕಳಿಸಿದ ಅಂತ ಊರಿಡೀ ಹೇಳುದಿಲ್ವಾ? ಅವನಿಗೆ ಹೇಳ್ಬೇಡ ಮಗಾ, ಬೇಜಾರು ಮಾಡ್ತಾನೆ."

ಭಾವನನ್ನು ನೋಡಿ ನಕ್ಕದ್ದಕ್ಕೆಲ್ಲ ನನಗೆ ಒಮ್ಮೆಲೇ ನಾಚಿಕೆಯಾಯಿತು. ಎರಡು ವರ್ಷದ ಹಿಂದಿನ ಮೊದಲ ಕ್ಯಾಸೆಟ್ಟನ್ನು ಹೊಸದಕ್ಕೆ ಹಾಕಿ ಒತ್ತಿದೆ. ನಡುಕವಿಲ್ಲ, ಶೀತವಿಲ್ಲ, ಭಾವನದೇ ಸ್ವರ:

"ಉಮ್ಮಾ, ಕೇಳ್ತದಾ?"

ಉಮ್ಮ ತಲೆಯ ಸೆರಗು ಸರಿಮಾಡಿಕೊಂಡು ಟೇಪ್‌ರೆಕಾರ್ಡರಿನ ಹತ್ತಿರ ಬಗ್ಗಿದರು.

"ಈಗ ಕೇಳ್ತದೆ ಮಗಾ."